ತಲೆಗೊಂದು ಕ್ವಾರ್ಟರ್ ಎಂಬ ಲೆಕ್ಕ

ಮದುವೆಯ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ಛತ್ರ, ಅಡುಗೆಯವರು, ಹೂವು, ವಾಲಗ ಎಂದು ಒಂದೊಂದನ್ನೂ ಬಾಯಿಬಿಟ್ಟು ಹೇಳಿ ಬರೆಸುತ್ತೇವೆ. ಒಂದು ಬಾಬ್ತು ಮಾತ್ರ ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂಬ ಹೆಸರಿನಲ್ಲಿ ನುಸುಳುತ್ತದೆ. ಮೈಸೂರು, ಮಂಡ್ಯ, ಹಾಸನದ ಕಡೆ ಬೀಗರ ಔತಣ ಮಾಡಿದ ಮನೆಯವರಿಗೆ ಈ ‘ಇತರೆ’ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಉಸ್ತುವಾರಿ ವಹಿಸಿಕೊಳ್ಳುವವನು ಹುಡುಗಿಯ ಸೋದರಮಾವನೋ ಹುಡುಗನ ಚಿಕ್ಕಪ್ಪನ ಮಗನೋ ಆಗಿರುತ್ತಾನೆ. ಅವನ ಲೆಕ್ಕವೂ ಸರಳ. ಕುಡಿಯುವವರು ಎಷ್ಟು ಜನ, ತಲೆಗೊಂದು ಕ್ವಾರ್ಟರ್, ಮೇಲೊಂದು ಹತ್ತು ಇರಲಿ!

ಆರೋಗ್ಯದ ಅಂಕಣದಲ್ಲಿ ಬಾಟಲಿಯ ಲೆಕ್ಕವೇಕೆ ಎಂದು ನೀವು ಕೇಳಬಹುದು. ಎಷ್ಟು ತರಿಸಬೇಕೆಂದು ನೀವು ತೀರ್ಮಾನಿಸಿದಾಗ, ನಿಮ್ಮ ನೆಂಟರು ಎಷ್ಟು ಕುಡಿಯಬೇಕೆಂಬುದನ್ನೂ ಬಹುಮಟ್ಟಿಗೆ ತೀರ್ಮಾನಿಸಿರುತ್ತೀರಿ. ಮುಚ್ಚಳ ತೆಗೆದ ಕ್ವಾರ್ಟರನ್ನು ಅರ್ಧಕ್ಕೆ ಬಿಟ್ಟು ಏಳುವವರು ಕಡಿಮೆ. ಕೈಗೆ ಕೊಟ್ಟದ್ದು ಹೊಟ್ಟೆಗೆ ಹೋಗುತ್ತದೆ.

ಈ ಕ್ವಾರ್ಟರಿನಲ್ಲಿ ಏನಿದೆ ನೋಡೋಣ. ಅದರ ಅಳತೆ 180 ಮಿ.ಲೀ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ ಒಂದು ಕ್ವಾರ್ಟರಿನಲ್ಲಿರುವ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ಒಂದೇ ಸಲಕ್ಕೆ ಮಿತಿಮೀರಿ ಕುಡಿಯುವುದು ಎಂದು ಯಾವುದನ್ನು ಕರೆಯುತ್ತದೆಯೋ ಅದರ ಗೆರೆಯೂ 60 ಗ್ರಾಮೇ. ಅಂದರೆ ನಾವು ಮರ್ಯಾದೆಗೆಂದು ಪ್ರತಿಯೊಬ್ಬರಿಗೂ ನೀಡುತ್ತಿರುವ ಕನಿಷ್ಠ ಉಪಚಾರವನ್ನು ವೈದ್ಯಶಾಸ್ತ್ರ ಅತಿಯಾದ ಕುಡಿತದ ಪಟ್ಟಿಗೆ ಸೇರಿಸಿದೆ. ‘ಮೇಲೊಂದು ಹತ್ತು’ ಯಾರ ಪಾಲಾಗುತ್ತದೆಂಬುದು ಬೇರೆ ಮಾತು.

ನಮ್ಮ ಪಿತ್ತಜನಕಾಂಗಕ್ಕೆ ಮದುವೆ, ಹಬ್ಬ ಎಂಬ ಭೇದವಿಲ್ಲ. ಗಂಟೆಗೆ ಸುಮಾರು ಏಳೆಂಟು ಗ್ರಾಂ ಮದ್ಯಸಾರವನ್ನು ಮಾತ್ರ ಅದು ಕರಗಿಸಬಲ್ಲದು. ಕಾಫಿ ಕುಡಿದರೂ, ನಿಂಬೆಹಣ್ಣು ಹೀರಿದರೂ, ತಲೆಗೆ ತಣ್ಣೀರು ಸುರಿದುಕೊಂಡರೂ ಈ ವೇಗ ಹೆಚ್ಚುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮುಗಿಸಿದ ಕ್ವಾರ್ಟರ್ ಪೂರ್ತಿ ಇಳಿಯುವುದು ರಾತ್ರಿ ಒಂಬತ್ತರ ಸುಮಾರಿಗೆ. ಆದರೆ ನೆಂಟರು ಬೈಕು ಹತ್ತುವುದು ನಾಲ್ಕು ಗಂಟೆಗೆ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಚಾಲಕನ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ. ಮೀರುವಂತಿಲ್ಲ. 60 ಕಿಲೋ ತೂಗುವ ಗಂಡಸು ಎರಡು ಸ್ಮಾಲ್ ಪೆಗ್ಗನ್ನು ಬೇಗಬೇಗ ಕುಡಿದರೇ ಈ ಮಿತಿ ದಾಟಬಹುದು. ಕ್ವಾರ್ಟರ್ ಎಂದರೆ ಆರು ಸ್ಮಾಲ್. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಪೊಲೀಸರಿಗೆ ಸಿಕ್ಕಿಬಿದ್ದವನು ಅದೃಷ್ಟವಂತನೆಂದೇ ನನ್ನ ಅಭಿಪ್ರಾಯ. ಊರು ತಲುಪುವ ಮುಂಚೆ ಅವನ ಬೈಕು ನಿಂತಿತಲ್ಲ!

ಬಿಯರಿನ ವಿಷಯವನ್ನೂ ಹೇಳಿಬಿಡಬೇಕು. ‘ಹುಡುಗರಿಗೆ ಬಿಯರ್ ಸಾಕು, ಅದೇನು ಮಾಡೀತು’ ಎಂಬ ಮಾತು ಎಲ್ಲ ಔತಣಗಳಲ್ಲೂ ಕೇಳಿಬರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 40 ಗ್ರಾಂ ಮದ್ಯಸಾರವಿದೆ. ಅದು ನಾಲ್ಕು ಸ್ಮಾಲ್ ವಿಸ್ಕಿಗೆ ಸಮ. ಮೊದಲ ಸಲ ಕುಡಿಯುವ ಹುಡುಗನಿಗೆ ಮಾವನೇ ಕರೆದು ನಾಲ್ಕು ಸ್ಮಾಲ್ ವಿಸ್ಕಿ ಕೊಟ್ಟನೆಂದರೆ ಅತ್ತೆ ಸುಮ್ಮನಿರುತ್ತಾರೆಯೆ?

ಕುಡಿತದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಈ ಬಾಬ್ತಿಗೆ ಸೊನ್ನೆ ಬರೆಯುವ ಮನೆಯವರಿಗೆ ನನ್ನ ಪೂರ್ಣ ಬೆಂಬಲವಿದೆ. ಅವರು ಮುಂದಕ್ಕೆ ಓದಬೇಕಾದದ್ದೂ ಇಲ್ಲ. ಆದರೆ ಕೊಡಗಿನ ಮದುವೆಮನೆಯಲ್ಲಿ, ಮಂಗಳೂರಿನ ಕ್ರೈಸ್ತರ ಆರತಕ್ಷತೆಯಲ್ಲಿ, ಹಳೇ ಮೈಸೂರಿನ ಬೀಗರೂಟದಲ್ಲಿ ಪಾನೀಯ ಇದ್ದೇ ಇರುತ್ತದೆಂಬುದೂ ನಿಜ. ಮೊದಲ ಎರಡು ಕಡೆ ಹಿರಿಯರ, ಹೆಂಗಸರ ಎದುರಿನಲ್ಲೇ ಲೋಟ ಹಿಡಿಯುತ್ತಾರೆ. ನಮ್ಮ ಬೀಗರೂಟದಲ್ಲಿ ಅದು ತೆಂಗಿನ ತೋಟದ ಮರೆಯಲ್ಲೋ ಕಾರಿನ ಡಿಕ್ಕಿಯ ಹಿಂದೆಯೋ ನಡೆಯುತ್ತದೆ. ಮರೆಯಲ್ಲಿ ಕುಡಿಯುವವನಿಗೆ ಆತುರ ಹೆಚ್ಚು. ಅದಕ್ಕಿಂತ ಶಾಮಿಯಾನದ ಒಂದು ಮೂಲೆಯಲ್ಲಿ ಮೇಜು ಹಾಕಿಸುವುದೇ ವಾಸಿ ಎಂದು ನನಗನ್ನಿಸುತ್ತದೆ.

ಆದ್ದರಿಂದ ಲೆಕ್ಕವನ್ನು ಬಾಟಲಿಯಲ್ಲಿ ಹಾಕದೆ ಪೆಗ್ಗಿನಲ್ಲಿ ಹಾಕಿ. ಕುಡಿಯುವವರು 80 ಮಂದಿ ಎಂದಿಟ್ಟುಕೊಳ್ಳಿ. ತಲೆಗೊಂದು ಕ್ವಾರ್ಟರ್ ಎಂದರೆ 750 ಮಿ.ಲೀ.ಯ 20 ಫುಲ್ ಬಾಟಲಿಗಳಷ್ಟಾಯಿತು. ಒಬ್ಬರಿಗೆ ಎರಡು ಸ್ಮಾಲ್ ಎಂದು ಹಿಡಿದರೆ 160 ಸ್ಮಾಲ್; ಒಂದು ಫುಲ್ಲಿನಲ್ಲಿ 25 ಬರುತ್ತವೆ; ಏಳು ಬಾಟಲಿಗೆ ಮುಗಿಯಿತು. ಉಳಿದ 13 ಬಾಟಲಿಯ ಹಣದಲ್ಲಿ ಊರಿಗೊಂದರಂತೆ ಟೆಂಪೊ ಗೊತ್ತುಮಾಡಿ, ನೆಂಟರನ್ನು ಮನೆ ಬಾಗಿಲಿಗೆ ಬಿಡಿಸಬಹುದು. ವಾಹನದ ಖರ್ಚನ್ನು ಬೇರೆ ಕಡೆ ಬರೆಯಬೇಡಿ, ಈ ಬಾಬ್ತಿನಲ್ಲೇ ಬರೆಯಿರಿ. ಕುಡಿಸುವ ಹಣವಿದೆ, ಮನೆ ತಲುಪಿಸುವ ಹಣವಿಲ್ಲ ಎಂದಾದರೆ ಕುಡಿಸುವ ಹಣವೂ ಇಲ್ಲವೆಂದೇ ಅರ್ಥ. ಕೈಸಾಲ ಮಾಡಿ, ಚೀಟಿ ಎತ್ತಿ ಈ ಬಾಬ್ತು ತುಂಬುವವರನ್ನು ಕಂಡಾಗ ಮರುಕವಾಗುತ್ತದೆ.

‘ಕಡಿಮೆ ಬಿದ್ದರೆ ಬೀಗರ ಮುಂದೆ ಮಾನ ಹೋಗುತ್ತದಲ್ಲ’ ಎನ್ನುವಿರಿ. ಕ್ವಾರ್ಟರ್ ಹಂಚಿದರೆ ತಾನೇ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಮಾತು? ಫುಲ್ ಬಾಟಲಿ ತರಿಸಿ, ಕುಡಿಯದವನೊಬ್ಬನನ್ನು ಮೇಜಿನ ಬಳಿ ನಿಲ್ಲಿಸಿ, ಅಳತೆಯ ಲೋಟದಿಂದ ಸ್ಮಾಲ್ ಹಾಕಿ ಸೋಡಾ ತುಂಬಿಸಿ ಕೊಡಲಿ. ಕೇಳಿದವರಿಗೆ ಕೊಟ್ಟಂತೆಯೂ ಆಯಿತು, ಸುರಿದಂತೆಯೂ ಆಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಊಟದ ಹೊತ್ತನ್ನು ಹಿಂದಕ್ಕೆ ತನ್ನಿ. ಬರೀ ಹೊಟ್ಟೆಗೆ ಕಾಂಗ್ರೆಸ್ ಕಡಲೆಕಾಯಿ ನೆಂಚಿಕೊಂಡು ಎರಡು ಗಂಟೆ ಕುಡಿದು, ಆಮೇಲೆ ಮುದ್ದೆಗೆ ಕೂರುವುದು ನಮ್ಮ ಪದ್ಧತಿ. ಖಾಲಿ ಹೊಟ್ಟೆಯಿಂದ ಮದ್ಯಸಾರ ಬೇಗ ರಕ್ತಕ್ಕಿಳಿಯುತ್ತದೆ. ಬೋಟಿ ಗೊಜ್ಜೋ ಕೈಮಾ ಉಂಡೆಯೋ ಮೊದಲೇ ಮೇಜಿಗೆ ಬರಲಿ, ನೀರಿನ ಬಾಟಲಿ ಧಾರಾಳವಾಗಿರಲಿ, ಎಲೆ ಹಾಕುತ್ತಿದ್ದಂತೆ ಮೇಜು ಮುಚ್ಚಲಿ.

ಹಣ ಉಳಿಸಲು ಲೇಬಲ್ಲಿಲ್ಲದ ಸರಕಿಗೆ ಕೈಹಾಕಲೇಬೇಡಿ. 2008ರ ಮೇ ತಿಂಗಳಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗಗಳಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ನೆನಪಿರಬಹುದು. ಮಿಥೈಲ್ ಆಲ್ಕೋಹಾಲಿಗೆ ವಾಸನೆಯಿಂದ ಗುರುತು ಸಿಗುವುದಿಲ್ಲ. ಕಣ್ಣು ಮಂಜಾದಾಗಲೇ ತಿಳಿಯುವುದು. ಛತ್ರದಲ್ಲಿ ಮದ್ಯ ನೀಡಲು ಅಬಕಾರಿ ಇಲಾಖೆಯ ಸಾಂದರ್ಭಿಕ ಸನ್ನದು ಬೇಕು. ಅದರ ಶುಲ್ಕವೂ ಇದೇ ಬಾಬ್ತಿಗೆ.

ಇನ್ನು ನೆಂಟರಲ್ಲಿ ಇಬ್ಬರ ಮೇಲೆ ನಿಮ್ಮ ಕಣ್ಣಿರಬೇಕು. ಮೊದಲನೆಯವರು ಸಕ್ಕರೆ ಕಾಯಿಲೆಯವರು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು, ಊಟ ಮಾಡದೆ ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆಗ ಬೆವರುತ್ತಾರೆ, ತೊದಲುತ್ತಾರೆ, ತೂರಾಡುತ್ತಾರೆ. ಸುತ್ತಲಿನವರು ‘ಜಾಸ್ತಿಯಾಗಿದೆ, ಮಲಗಿಸಿ’ ಎಂದು ಮೂಲೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಾರೆ. ಆಸ್ಪತ್ರೆಗೆ ಹೋಗಬೇಕಾದವರು ಹೀಗೆ ಚಾಪೆಯ ಮೇಲೆಯೇ ಪ್ರಾಣ ಬಿಡಬಹುದು. ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ವಾಹನ ಹತ್ತಿಸಿ. ಯಾರೇ ಆಗಲಿ, ಕುಡಿದು ಮಲಗಿದವರನ್ನು ಅಂಗಾತ ಬಿಡದೆ ಪಕ್ಕಕ್ಕೆ ಹೊರಳಿಸಿ. ವಾಂತಿ ಉಸಿರಿನ ದಾರಿಗೆ ಹೋಗುವ ಅಪಾಯ ಕಡಿಮೆಯಾಗುತ್ತದೆ.

ಎರಡನೆಯವರು ಕುಡಿತ ಬಿಟ್ಟವರು. ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆ ಪಡೆದು, ಮನೆಯವರೆಲ್ಲ ಉಸಿರು ಬಿಗಿಹಿಡಿದು ತಿಂಗಳುಗಳನ್ನು ಎಣಿಸುತ್ತಿರುವಾಗ, ‘ನನ್ನ ಮಗಳ ಮದುವೆ ಕಣೋ, ಇವತ್ತೊಂದು ದಿನ’ ಎಂದು ಲೋಟ ಹಿಡಿಸುವವರಿದ್ದಾರೆ. ಅವರು ಡೈಸಲ್ಫಿರಾಮ್ ಮಾತ್ರೆಯಲ್ಲಿದ್ದರೆ ಒಂದೆರಡು ಗುಟುಕಿಗೇ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ಇಲ್ಲದಿದ್ದರೂ ಆ ಒಂದು ಲೋಟ ಎಷ್ಟು ವರ್ಷಕ್ಕೆ ಎಳೆದೊಯ್ಯುತ್ತದೆಂಬುದು ಅವರ ಹೆಂಡತಿಗೆ ಗೊತ್ತು. ಅವರನ್ನು ಮುಯ್ಯಿ ಬರೆಯಲು ಕೂರಿಸಿ. ಜವಾಬ್ದಾರಿಯ ಕೆಲಸ, ಎದ್ದು ಹೋಗಲು ಬಿಡುವಿರುವುದಿಲ್ಲ.

ಕೊನೆಗೆ, ಬೀಗರನ್ನು ಕರೆತಂದ ಬಸ್ಸಿನ ಚಾಲಕ. ಎಲ್ಲರೂ ಮರೆಯುವ ಅವನನ್ನು ಉಗ್ರಾಣದ ಹುಡುಗ ಮಾತ್ರ ಮರೆಯುವುದಿಲ್ಲ. ಪ್ರೀತಿಯಿಂದಲೇ ಒಂದು ಕ್ವಾರ್ಟರನ್ನು ಅವನ ಜೇಬಿಗೆ ಸೇರಿಸಿಬಿಡುತ್ತಾನೆ. ಬೆಳಿಗ್ಗೆಯೇ ಆ ಹುಡುಗನಿಗೆ ಹೇಳಿಡಿ. ಚಾಲಕನನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ, ಮಲಗಲು ನೆರಳಿನ ಜಾಗ ತೋರಿಸಿ, ಹೊರಡುವಾಗ ಬಾಟಾ ಒಂದಿಷ್ಟು ಹೆಚ್ಚು ಕೊಡಿ. ಅದನ್ನೂ ‘ಇತರೆ’ಯಲ್ಲೇ ಬರೆದುಕೊಳ್ಳಿ.