ಮರ ಯಾವುದು ಅಂತಲ್ಲ, ಎಲ್ಲಿಗೆ ಅಂತ ಕೇಳಿ

ಶಿಕಾರಿಪುರದಲ್ಲಿ ಅಪ್ಪ ಮನೆ ಕಟ್ಟಿಸುವಾಗ, ಒಳಗಿನ ಮರಗೆಲಸದ ಜವಾಬ್ದಾರಿ ನನ್ನದು ಅಂದಿದ್ದೆ. ಬೆಂಗಳೂರಲ್ಲಿ ಕೂತು, ಫೋನಲ್ಲೇ ಫೋಟೊ ನೋಡಿ, ಚಂದದ ರೆಡಿಮೇಡ್ ವಾರ್ಡ್‌ರೋಬ್ ಆರ್ಡರ್ ಮಾಡಿದೆ. ಎಂಡಿಎಫ್‌ನದ್ದು. ಮೊದಲ ಮಳೆಗಾಲಕ್ಕೇ ಬಾತ್‌ರೂಮ್ ಗೋಡೆಗೆ ತಾಗಿದ್ದ ಬದಿ ಉಬ್ಬಿ, ಹಿಂಜ್ ಕಿತ್ತು ಬಂತು. ಖರ್ಚಾಗಿದ್ದು ಅಪ್ಪನ ಪಿಎಫ್ ದುಡ್ಡು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆ ದಸರಾಕ್ಕೆ ಸೊರಬದ ಅಜ್ಜನ ಮನೆಗೆ ಹೋದೆವು. ಅಲ್ಲಿ ನಮ್ಮೂರಿಗಿಂತ ಮಳೆ ಜಾಸ್ತಿ. ಆದರೂ ಅಜ್ಜನ ಕಾಲದ ಹಲಸಿನ ಬಾಗಿಲು ಗಟ್ಟಿಯಾಗಿದೆ. ಮಳೆಗಾಲದಲ್ಲಿ ಕೊಂಚ ಬಿಗಿಯುತ್ತೆ, ಬೇಸಿಗೆಯಲ್ಲಿ ಸಡಿಲವಾಗುತ್ತೆ, ಅಷ್ಟೇ. ಪಕ್ಕದ ಮನೆಯ ಹಿರಿಯ ಬಡಗಿಯನ್ನು ಯಾವ ಮರ ಒಳ್ಳೇದು ಅಂತ ಕೇಳಿದೆ. "ಎಲ್ಲಿಗೆ ಅಂತ ಮೊದ್ಲು ಹೇಳು" ಅಂದರು. ನಿಜ. ಸೊರಬದ ಗುಡಿಗಾರರು ಕೆತ್ತನೆಗೆ ಗಂಧ ಹಿಡೀತಾರೆ, ಹಾಗಂತ ಹೊಸಿಲಿಗೆ ಯಾರೂ ಗಂಧ ಹಾಕಲ್ಲ.

ಅವರಿಂದ ಕಲಿತದ್ದು, ಆಮೇಲೆ ನಾನೇ ಓದಿಕೊಂಡಿದ್ದು ಇಷ್ಟು:

ಮುಂಬಾಗಿಲು, ಹೊಸಿಲು: ಸಾಗುವಾನಿ. ಅದರಲ್ಲೇ ಎಣ್ಣೆಯ ಅಂಶ ಇರೋದ್ರಿಂದ ಗೆದ್ದಲು ಸುಲಭಕ್ಕೆ ಹತ್ತಲ್ಲ, ಹಿಗ್ಗೋದು ಕುಗ್ಗೋದೂ ಕಡಿಮೆ. ಆದರೆ ಈ ಗುಣ ಕೆಚ್ಚಿಗೆ ಮಾತ್ರ. ಅಂಚಿನ ಬಿಳಿ ಭಾಗ ಸೇರಿದ್ದರೆ ಸಾಗುವಾನಿಯನ್ನೂ ಹುಳ ತಿನ್ನುತ್ತೆ.

ಒಳಬಾಗಿಲ ಚೌಕಟ್ಟು: ಮತ್ತಿ ಅಥವಾ ಹೊನ್ನೆ ಸಾಕು. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತೆ, ಸುಣ್ಣದ ಗೋಡೆ ಹಳದಿಯಾಗುತ್ತೆ. ಪಾಲಿಶ್ ಮರೆಯಬೇಡಿ.

ಒಳಬಾಗಿಲು, ಕಪಾಟಿನ ಬಾಗಿಲು: ಹಲಸು. ಮೊದಲು ಹಳದಿ, ವರ್ಷ ಕಳೆದಂತೆ ಕಂದು.

ಅಡುಗೆಮನೆ, ಬಾತ್‌ರೂಮ್ ಪಕ್ಕ: ಐಎಸ್ 710 ಗುರುತಿನ ಬಿಡಬ್ಲ್ಯೂಪಿ ಪ್ಲೈವುಡ್. ಎಂಆರ್ ಪ್ಲೈ ತೇವ ತಡೆಯುತ್ತೆ, ನೀರು ತಡೆಯಲ್ಲ. ಎಂಡಿಎಫ್ ಬೇಕೇ ಬೇಕಾದರೆ ಒಣ ಗೋಡೆಗೆ ಮಾತ್ರ.

ಇನ್ನೊಂದು ಮಾತು. ಎಷ್ಟೇ ಒಳ್ಳೆಯ ಮರವಾದರೂ ಹಸಿ ಇದ್ದರೆ ಆಮೇಲೆ ಸೀಳುತ್ತೆ, ಡೊಂಕಾಗುತ್ತೆ. ತೇವಾಂಶ ಶೇ. 12ರ ಆಸುಪಾಸು ಇದೆಯಾ ಅಂತ ಮೀಟರ್ ಹಿಡಿಸಿ ನೋಡಿ. ಬಿಲ್ ತಗೊಳ್ಳಿ. ಸ್ವಂತ ತೋಟದ ಸಾಗುವಾನಿ ಕಡಿಯೋದಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ನಾನು ಮೊದಲು ಆ ಗೋಡೆಯ ಸೋರಿಕೆ ಸರಿ ಮಾಡಿಸಿದೆ. ಆಮೇಲೆ ಗೋಡೆಯಿಂದ ಎರಡು ಬೆರಳು ಜಾಗ ಬಿಟ್ಟು ಹೊಸ ವಾರ್ಡ್‌ರೋಬ್ ನಿಲ್ಲಿಸಿದೆ. ಒಳಗೆ ಬಿಡಬ್ಲ್ಯೂಪಿ ಪ್ಲೈ, ಬಾಗಿಲಿಗೆ ಹಲಸು. ಈ ಸಲ ದುಡ್ಡು ನನ್ನದು.

ಎರಡು ಮಳೆಗಾಲ ಕಳೆದಿದೆ. ಮೊನ್ನೆ ಅಪ್ಪ ಫೋನ್ ಮಾಡಿ, "ಬಾಗಿಲು ಸ್ವಲ್ಪ ಬಿಗಿಯಾಗಿದೆ ಕಣೋ" ಅಂದರು. ನನಗೆ ಎದೆ ಧಸಕ್ ಅಂತು. ಅವರೇ ನಕ್ಕು, "ಅಜ್ಜನ ಮನೇದೂ ಹಿಂಗೇ ಆಗ್ತಿತ್ತು, ಬೇಸಿಗೆಗೆ ಸರಿಹೋಗುತ್ತೆ ಬಿಡು" ಅಂದರು.