ನಿದ್ರೆ ಕೆಟ್ಟು ಓದಿದರೆ ಪರೀಕ್ಷೆಯೂ ಕೆಡುತ್ತದೆ

ಪರೀಕ್ಷೆಯ ಜ್ವರ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಮಾತ್ರ ಬರುವುದೆಂದು ಅನೇಕರು ತಿಳಿದಿದ್ದಾರೆ. ಸಂಸಾರಸ್ಥರಿಗೂ ಅದು ಬಿಟ್ಟಿಲ್ಲ. ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವವರು ಬರೆಯುವ ಸಿಐಎಸ್‌ಎಸ್‌ಪಿ ಪರೀಕ್ಷೆಯನ್ನೇ ನೋಡಿ. ಹಗಲು ಕಚೇರಿ, ರಾತ್ರಿ ಪುಸ್ತಕ. ಮನೆಯವರು 'ಪಾಪ, ಓದಿಕೊಳ್ಳಲಿ' ಎಂದು ಹನ್ನೊಂದು ಗಂಟೆಗೂ ಕಾಫಿ ಮಾಡಿಕೊಡುತ್ತಾರೆ. ಈ ಪದ್ಧತಿ ಆರೋಗ್ಯಕ್ಕೂ ಒಳ್ಳೆಯದಲ್ಲ, ಪರೀಕ್ಷೆಗೂ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಐಎಸ್‌ಸಿ2 ಸಂಸ್ಥೆ ನಡೆಸುವ ಈ ಪರೀಕ್ಷೆಗೆ ಎಂಟು ವಿಭಾಗಗಳಿವೆ. 2024ರ ಏಪ್ರಿಲ್‌ನಿಂದ ಮೂರು ಗಂಟೆಗಳಲ್ಲಿ 100ರಿಂದ 150 ಪ್ರಶ್ನೆಗಳಿಗೆ ಉತ್ತರಿಸಬೇಕು. ಹಿಂದಿನ ಉತ್ತರಗಳನ್ನು ನೋಡಿಕೊಂಡು ಕಂಪ್ಯೂಟರೇ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಒಮ್ಮೆ ಕೊಟ್ಟ ಉತ್ತರವನ್ನು ಹಿಂದಿರುಗಿ ತಿದ್ದಲಾಗದು. ಅನೇಕ ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯೆಂದೇ ತೋರುತ್ತವೆ. ಯಾವುದು ಮೊದಲು, ಯಾವುದು ಉತ್ತಮ ಎಂದು ತೂಗಿ ನೋಡಬೇಕು. ಇಲ್ಲಿ ಬಾಯಿಪಾಠ ಸಾಲದು, ವಿವೇಚನೆ ಬೇಕು. ನಿದ್ರೆಗೆಟ್ಟ ಮಿದುಳು ಮೊದಲು ಕಳೆದುಕೊಳ್ಳುವುದೇ ಏಕಾಗ್ರತೆ ಮತ್ತು ವಿವೇಚನೆಯನ್ನು.

ಪೂರ್ಣ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ಕೆಲಸದ ಅನುಭವ ಬೇಕು. ಹೀಗಾಗಿ ಚಿಕ್ಕ ಮಕ್ಕಳು, ವಯಸ್ಸಾದ ತಂದೆತಾಯಿ, ಮನೆ ಸಾಲದ ಕಂತು ಎಲ್ಲವೂ ಇರುವ ವಯಸ್ಸಿನಲ್ಲೇ ಅನೇಕರಿಗೆ ಇದು ಎದುರಾಗುತ್ತದೆ. ಶುಲ್ಕ ನೂರಾರು ಡಾಲರು. ನಪಾಸಾದರೆ ಮತ್ತೆ ಬರೆಯಲು 30 ದಿನ ಕಾಯಬೇಕು, ಮತ್ತೆ ಹಣ ಕಟ್ಟಬೇಕು. ಆತಂಕ ಸಹಜವೇ. ಆದರೆ ಆ ಆತಂಕವನ್ನು ನಿದ್ರೆಯ ಮೇಲೆ ತೀರಿಸಿಕೊಳ್ಳುವುದು ತಪ್ಪು.

ಹಗಲು ಓದಿದ್ದು ಮಿದುಳಿನಲ್ಲಿ ಗಟ್ಟಿಗೊಳ್ಳುವುದು ನಿದ್ರೆಯಲ್ಲಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದ ಕಾಫಿಯ ಪ್ರಭಾವ ಎರಡು ಗಂಟೆಗೂ ಪೂರ್ತಿ ಇಳಿದಿರುವುದಿಲ್ಲ. ಮಧ್ಯಾಹ್ನದ ನಂತರ ಕಾಫಿ, ಟೀ ಬಿಡುವುದು ಲೇಸು. ರಾತ್ರಿ ಪಾಳಿಯವರು ಮನೆಗೆ ಬಂದೊಡನೆ ಪುಸ್ತಕ ಹಿಡಿಯದೆ ಮೊದಲು ಮಲಗಿ, ಎದ್ದ ಮೇಲೆ ಓದಲಿ.

ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳು ಓದಿದರೆ 120 ಗಂಟೆಯಾಯಿತು. ಕೊನೆಯ ಎರಡು ವಾರ ಕಣ್ಣುರಿಸಿಕೊಂಡು ಓದುವುದಕ್ಕಿಂತ ಇದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು ಉತ್ತಮ. ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ದೂರ ದೃಷ್ಟಿ ಹಾಯಿಸಿ.

ಮನೆಯವರ ಪಾತ್ರವೂ ದೊಡ್ಡದು. ಗಂಡಸು ಓದಲು ಕುಳಿತರೆ ಮನೆಯೆಲ್ಲ ಸದ್ದಿಲ್ಲದಿರುತ್ತದೆ. ಅದೇ ಪರೀಕ್ಷೆಗೆ ಓದುವ ಸೊಸೆಗೆ ಪುಸ್ತಕ ಸಿಗುವುದು ಅಡಿಗೆಮನೆಯ ಕೆಲಸ ಮುಗಿದ ಮೇಲೆ, ರಾತ್ರಿ ಹತ್ತರ ನಂತರ. ಅವಳ ಕೆಲಸದಲ್ಲಿ ಒಂದು ಗಂಟೆಯಷ್ಟನ್ನು ಇತರರು ಹಂಚಿಕೊಂಡರೆ ಅದಕ್ಕಿಂತ ಒಳ್ಳೆಯ ಟಾನಿಕ್ ಇಲ್ಲ. ನೌಕರ ಪಾಸಾದರೆ ಲಾಭ ಪಡೆಯುವ ಕಂಪೆನಿಗಳು ಕೆಲವು ದಿನಗಳ ಓದಿನ ರಜೆ ಕೊಡುವುದೂ ನ್ಯಾಯ.

ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಓದಿನ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸಬಾರದು. ಎದೆ ಡವಗುಟ್ಟುವುದು, ಹೊಟ್ಟೆಯುರಿ, ಮಲಗಿದರೂ ನಿದ್ರೆ ಬಾರದಿರುವುದು ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಿ. ಎದೆನೋವು ಬಂದರೆ ಕಾಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಗತ್ಯವೆನಿಸಿದರೆ ಪರೀಕ್ಷೆಯ ದಿನವನ್ನು ಮುಂದೂಡಿ. ಅದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯಂತೂ ಪುಸ್ತಕ ಮುಚ್ಚಿಟ್ಟು, ಹಿತಮಿತವಾಗಿ ಉಂಡು, ಎಂದಿನ ಹೊತ್ತಿಗೆ ಮಲಗಿ.