ನಾಗರಬಾವಿಯ ಉಬ್ಬುಗಳೂ ಬ್ರಿಟನ್ನಿನ ಕಾರೂ

ಭಾರತ ಮತ್ತು ಬ್ರಿಟನ್ ನಡುವಣ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿತು. ಬ್ರಿಟನ್ನಿನಿಂದ ಬರುವ ಕಾರುಗಳ ಆಮದು ಸುಂಕವನ್ನು, ನಿಗದಿತ ಸಂಖ್ಯೆಯ ಮಿತಿಯೊಳಗೆ, ಶೇ. 110ರಿಂದ ಹಂತಹಂತವಾಗಿ ಶೇ. 10ಕ್ಕೆ ಇಳಿಸುವ ವಚನ ಅದರಲ್ಲಿದೆ. ಲೋಟಸ್, ಆಸ್ಟನ್ ಮಾರ್ಟಿನ್‌ಗಳ ಕನಸು ಕಾಣುವವರು ನಾಗರಬಾವಿಯಂತಹ ಮಧ್ಯಮ ವರ್ಗದ ಬಡಾವಣೆಗಳಲ್ಲೂ ಇದ್ದಾರೆ. ಅವರಿಗೆ ಇದು ಶುಭವಾರ್ತೆಯೆನಿಸಿದರೆ ಆಶ್ಚರ್ಯವಿಲ್ಲ.

ಲೆಕ್ಕವನ್ನೇ ನೋಡೋಣ. ಬಂದರಿನಲ್ಲಿ 100 ರೂಪಾಯಿ ಬೆಲೆಯ ವಸ್ತು ಶೇ. 110ರ ಸುಂಕದಿಂದ 210 ಆಗುತ್ತದೆ, ಶೇ. 40ರ ಜಿಎಸ್‌ಟಿಯಿಂದ 294; ಕರ್ನಾಟಕದ ಶೇ. 18ರ ಆಜೀವ ತೆರಿಗೆ ಸೇರಿ ಸ್ಥೂಲವಾಗಿ 347. ವಿತರಕರ ಲಾಭ, ವಿಮೆ, ಉಪಕರಗಳು ಬೇರೆ. ಸುಂಕ ಶೇ. 10ಕ್ಕೆ ಇಳಿದರೆ ಇದೇ ಮೊತ್ತ 182ರ ಆಸುಪಾಸು. 2024ರಲ್ಲಿ ಲೋಟಸ್ ಎಮಿರಾ ಇಲ್ಲಿ 3.22 ಕೋಟಿ ರೂಪಾಯಿಗೆ ಬಿಡುಗಡೆಯಾಯಿತೆಂಬುದನ್ನು ನೆನೆದರೆ ಉಳಿತಾಯ ಸಣ್ಣದಲ್ಲ. ಆಜೀವ ತೆರಿಗೆ ತಪ್ಪಿಸಲು ಹೊರರಾಜ್ಯದಲ್ಲಿ ನೋಂದಾಯಿಸುವ ಹಳೆಯ ಉಪಾಯವೂ ಈಗ ನಡೆಯದು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂತಹ ಐಷಾರಾಮಿ ಕಾರುಗಳನ್ನು ಜಪ್ತಿ ಮಾಡಿತು.

ಆದರೆ ಬೆಲೆ ಇಳಿದ ಮಾತ್ರಕ್ಕೆ ರಸ್ತೆ ಬದಲಾಗುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕು. ನಮ್ಮ ಬಡಾವಣೆಗಳಲ್ಲಿ ನಿವಾಸಿಗಳ ಒತ್ತಾಯಕ್ಕೆ ರಾತ್ರೋರಾತ್ರಿ ಏಳುವ ಉಬ್ಬಿಗೆ ಅಷ್ಟು ಅಗಲವೆಲ್ಲಿಯದು? ನೆಲಕ್ಕೆ ತಗ್ಗಿ ಕುಳಿತ ಕಾರಿನ ಹೊಟ್ಟೆ ಅಲ್ಲಿಯೇ ಉಜ್ಜುತ್ತದೆ. ಹೊರವರ್ತುಲ ರಸ್ತೆಯ ಮೇಲೆ ನಾಗರಬಾವಿ ವೃತ್ತವನ್ನು ಹಾದುಹೋಗುವ ಮೆಟ್ರೊ ಮೂರನೆಯ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ದೊರೆತಿದೆ. ಕಾಮಗಾರಿಯ ಅಗೆತ, ಧೂಳುಗಳಿಂದ ಆ ರಸ್ತೆಗೆ ಬೇಗನೆ ಬಿಡುಗಡೆಯಿಲ್ಲ.

ದುರಸ್ತಿಯ ಮಾತು ಇನ್ನೂ ಕಠಿಣ. ಎಮಿರಾದ ಚೌಕಟ್ಟು ಅಂಟಿನಿಂದ ಬೆಸೆದ ಅಲ್ಯೂಮಿನಿಯಮ್ಮಿನದು. ಪೆಟ್ಟು ಬಿದ್ದರೆ ಬಡಿದು ನೇರಮಾಡುವ ಗ್ಯಾರೇಜಿನ ಜಾಣ್ಮೆ ಇಲ್ಲಿ ಉಪಯೋಗಕ್ಕೆ ಬಾರದು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕುವುದೂ ವ್ಯರ್ಥ. ಬಲಗಡೆ ಸ್ಟಿಯರಿಂಗ್ ಇರುವುದೊಂದೇ ಬ್ರಿಟಿಷ್ ಕಾರಿನ ನಿಜವಾದ ಅನುಕೂಲ.

ಇಂಧನದ ವಿಷಯ ಕೃಷಿಗೂ ತಾಕುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಇಲ್ಲಿ ಶೇ. 20. ಕಬ್ಬು, ಮುಸುಕಿನ ಜೋಳ, ಅಕ್ಕಿಗಳಿಂದ ತೆಗೆದ ಎಥನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ದಿನವೂ ಓಡುವ ವಾಹನಕ್ಕೆ ಇದು ದೊಡ್ಡ ತೊಡಕಲ್ಲ. ತಿಂಗಳುಗಟ್ಟಲೆ ಹೊದಿಕೆಯಡಿ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೀರು ಬೇರ್ಪಟ್ಟು ತಳ ಸೇರುವ ಸಂಭವವುಂಟು. ಶೇ. 20ರ ಮಿಶ್ರಣಕ್ಕೆ ತಯಾರಕರ ಸಮ್ಮತಿಯಿಲ್ಲದ ಕಾರನ್ನು ಸ್ವಂತವಾಗಿ ತರಿಸಿಕೊಂಡವರು ರಬ್ಬರ್ ಕೊಳವೆಗಳ ಚಿಂತೆಯನ್ನೂ ಹೊರಬೇಕು. ಸುಂಕ ಇಳಿಸಿದ ಸರ್ಕಾರ ಈ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ, ಮಾರುವವನಂತೂ ಹೇಳುವುದೇ ಇಲ್ಲ.

ನಗರದಲ್ಲಿ ಓಡಿಸಲಾಗದ ಕಾರು ಭಾನುವಾರ ಘಟ್ಟದತ್ತ ತಿರುಗುತ್ತದೆ. ಚಾರ್ಮಾಡಿಯ ತಿರುವುಗಳು ಓಟದ ಕಣಗಳಲ್ಲ. ಅಲ್ಲಿ ಬಸ್ಸುಗಳಿವೆ, ಕಾಡುಪ್ರಾಣಿಗಳಿವೆ, ಮಳೆಗೆ ಜಾರುವ ಮಣ್ಣಿದೆ. ಮುಳ್ಳಯ್ಯನಗಿರಿಯಲ್ಲಂತೂ ಪ್ರವಾಸಿ ವಾಹನಗಳು ಮಿತಿಮೀರಿದ್ದರಿಂದ 2025ರ ಸೆಪ್ಟೆಂಬರಿನಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ತರಬೇಕಾಯಿತು. ಸರತಿಯಲ್ಲಿ ಕೋಟಿಯ ಕಾರಿಗೂ ಬಾಡಿಗೆ ಜೀಪಿಗೂ ಒಂದೇ ಸ್ಥಾನ.